ಪರದೆಯ ಹಿಂದಿನ ಅಗಸಿ

ನನ್ನ ಮೈದುನ ಈರಬಸಪ್ಪನಿಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ಚಹಾ ಕುಡಿದು ಊರ ಅಗಸಿಯ ಕಟ್ಟೆಗೆ ಹೋಗಿ ಕೂತನೆಂದರೆ ಮತ್ತೆ ಏಳುವುದು ರೊಟ್ಟಿ ಊಟಕ್ಕೇ. ಯರಗುಪ್ಪಿಯ ಕಡೆಯಿಂದ ನಮ್ಮೂರಿಗೆ ಬರುವವರೆಲ್ಲ ಆ ಕಲ್ಲಿನ ಹೆಬ್ಬಾಗಿಲ ಕೆಳಗೇ ಹಾಯಬೇಕು. ಯಾರ ಎತ್ತು ಕುಂಟುತ್ತಿದೆ, ಯಾರ ಸೊಸೆ ಸಿಟ್ಟಿನಲ್ಲಿ ತವರಿಗೆ ಹೊರಟಿದ್ದಾಳೆ ಎಂಬುದು ಅವನಿಗೆ ಆ ಮನೆಯವರಿಗಿಂತ ಮೊದಲೇ ತಿಳಿದಿರುತ್ತದೆ.

ಹೋದ ಮಳೆಗಾಲದಲ್ಲಿ ಅಗಸಿಯ ಎಡಭಾಗ ಕುಸಿದು ಬಿತ್ತು. ಹೊಲದ ಕಡೆ ಮುಖ ಮಾಡಿದ ಗೋಡೆ, ಅದರ ಬುಡದ ಕಟ್ಟೆ, ಮೇಲಿನ ತೊಲೆಗಳು, ಎಲ್ಲ. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ.

"ನಾ ಕುಂದರೂ ಜಾಗಾನ ಬಿತ್ತು ನೋಡ್ರಿ ವೈನಿ" ಎಂದು ಆತ ಬಂದು ಹೇಳಿದ.

"ಸದ್ಯ, ನೀ ಮನ್ಯಾಗಿದ್ದಿ."

"ನಾ ಅಲ್ಲಿದ್ದಿದ್ರ ಅದು ಬೀಳ್ತಿದ್ದಿಲ್ಲರಿ" ಎಂದ. ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ.

ಪಂಚಾಯತಿಯವರು ಉಳಿದ ಅರ್ಧವನ್ನೂ ಕೆಡವಿ ಸಿಮೆಂಟಿನ ಕಮಾನು ಕಟ್ಟಿಸೋಣ ಎಂದರು. ಅವರನ್ನು ಬೈಯುವಂತಿಲ್ಲ. ಶಾಲೆಯ ಮಕ್ಕಳು ಅದರ ಕೆಳಗೇ ಓಡಾಡುತ್ತವೆ. ಆದರೆ ಈರಬಸಪ್ಪ ಅಂದಿನಿಂದ ಸರಿಯಾಗಿ ಊಟ ಮಾಡಲಿಲ್ಲ. ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ಅವನಿಗೆ ಕೂಡಲು ಜಾಗವೇ ಇಲ್ಲವೆಂಬಂತೆ ಅಂಗಳದಲ್ಲಿ ಸುತ್ತುತ್ತಿದ್ದ. ಕೊನೆಗೆ ಯಾರನ್ನೋ ಹಿಡಿದು, ಯಾರಿಗೋ ಫೋನು ಮಾಡಿಸಿ, ಧಾರವಾಡದಿಂದ ಮಹಾನಂದಾ ಎಂಬ ಹುಡುಗಿಯನ್ನು ಕರೆಸಿದ.

ಹಳೆಯ ಕಟ್ಟಡಗಳ ಫೋಟೋ, ನಕ್ಷೆ, ಅಳತೆಗಳನ್ನು ಕೂಡಿಸಿ ಕಾಪಾಡುವ ಒಂದು ಸಂಸ್ಥೆಯವಳು ಅವಳು. ಬಿದ್ದುಹೋದದ್ದನ್ನು ಮೊದಲಿದ್ದಂತೆ ಕಟ್ಟಿಸುವ ಕೆಲಸವನ್ನೂ ಅವರು ಮಾಡಿಸುತ್ತಾರಂತೆ. ಬಂದವಳೇ ನನಗೆ ಕೂಡಲು ಒಂದು ಕಲ್ಲನ್ನು ತನ್ನ ಓಢಣಿಯಿಂದ ಒರೆಸಿಕೊಟ್ಟು, ಆಮೇಲೆ ಟೇಪು ಹಿಡಿದು ಅಳತೆಗೆ ನಿಂತಳು. ಉಳಿದಿದ್ದ ಬಲಭಾಗವನ್ನೆಲ್ಲ ಬರೆದುಕೊಂಡಳು. ಎಡಭಾಗದ ಕಲ್ಲುಗಳನ್ನು ದಾರಿ ತೆರವು ಮಾಡುವಾಗ ಟ್ರ್ಯಾಕ್ಟರಿನವರು ಹಳ್ಳದ ದಂಡೆಗೆ ಸುರಿದಿದ್ದರು. ಒಡೆದವನ್ನು ರಸ್ತೆಯ ಗುಂಡಿಗೆ ತುಂಬಿದ್ದರು.

"ಬಲಗಡೆ ಇದ್ದಂಗ ಎಡಗಡೆ ಕಟ್ಟಿಬಿಡ್ರಿ" ಎಂದ ಈರಬಸಪ್ಪ.

"ಎರಡೂ ಒಂದೇ ತರಾ ಇದ್ದುವೇನ್ರಿ ಅಜ್ಜಾರ?"

ಈರಬಸಪ್ಪ ತಲೆ ಕೆರೆದುಕೊಂಡ. ಎರಡೂ ಒಂದೇ ತರಹ ಇರಲಿಲ್ಲ. ಎಡಗಡೆ ಕಟ್ಟೆಯ ಹಿಂದೆ, ಕೂತವನ ತಲೆಯ ಮಟ್ಟಕ್ಕೆ ಒಂದು ಕೆತ್ತನೆಯ ಕಲ್ಲಿತ್ತು. ಅದರಲ್ಲಿ ಆನೆ ಇತ್ತು ಎಂದು ಈತ ಹೇಳುತ್ತಾನೆ. ಸಿಂಹ ಇತ್ತು ಎಂದು ಈತನ ಕಟ್ಟೆಯ ಗೆಳೆಯ ಶಂಕ್ರಪ್ಪ ಹೇಳುತ್ತಾನೆ. ಸುಣ್ಣದ ಮೇಲೆ ಸುಣ್ಣ ಬಳಿದು ಅದು ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಈಗ ಅದೂ ಒಡೆದು ರಸ್ತೆಯ ಗುಂಡಿ ಸೇರಿತ್ತು. ಒಂದು ಜನ್ಮವಿಡೀ ಅದಕ್ಕೆ ಬೆನ್ನು ಕೊಟ್ಟು ಕೂತವರಿಬ್ಬರಿಗೂ ಬೆನ್ನ ಹಿಂದೆ ಏನಿತ್ತೆಂದು ಗೊತ್ತಿಲ್ಲ.

ಮಹಾನಂದಾ ನಗಲಿಲ್ಲ. ಮೆಲ್ಲಗೆ ಹೇಳಿದಳು. "ಕಂಡಿದ್ದಷ್ಟ ನಾವು ಕಟ್ಟಿಸೂದ್ರಿ ಅಜ್ಜಾರ. ಊಹೆ ಮ್ಯಾಲೆ ಕಟ್ಟಂಗಿಲ್ಲ. ಕಟ್ಟಿದ್ರ, ನಾಳೆ ನೋಡಿದವರು ಅದನ್ನೂ ಹಳೇದಂತ ನಂಬತಾರ. ಎಡಗಡಿ ಕಾಣೂವಂಥಾ ಒಂದು ಹಳೇ ಫೋಟೋ ಸಿಕ್ರ ಸಾಕು."

"ಅಷ್ಟ ಏನು?" ಈರಬಸಪ್ಪನ ಎದೆ ಉಬ್ಬಿತು. "ಫೋಟೋಕ್ಕೇನ್ರಿ ಕಡಿಮಿ? ಇಡೀ ಊರು ಅಲ್ಲೇ ನಿಂತ ಮದವಿ ಫೋಟೋ ತಗಸ್ಕೊಂಡೈತಿ!"

ಪಂಚಾಯತಿಗೆ ಹೋಗಿ, ಶಿವರಾತ್ರಿಯೊಳಗೆ ಫೋಟೋ ತಂದು ತೋರಿಸುತ್ತೇನೆ, ತರದಿದ್ದರೆ ಕೆಡವಿಕೊಳ್ಳಿ ಎಂದು ಮಾತು ಕೊಟ್ಟು ಬಂದ. ಅವರೂ ಹಿರಿಯನೆಂದು ಮನ್ನಿಸಿ ಒಪ್ಪಿದರು.

ಆತ ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಹೊಸ ಮದುಮಗಳು ಊರು ಹೊಗುವ ಮೊದಲು ಅಗಸಿಯ ಹೊರಗೆ ನಿಲ್ಲಬೇಕು. ದೃಷ್ಟಿ ತೆಗೆದು, ತೆಂಗಿನಕಾಯಿ ಒಡೆದು, ಆಮೇಲೆ ಒಳಗೆ. ಬೆಳಗಿನ ಬಿಸಿಲು ಆ ಎಡಗಡೆಯ ಗೋಡೆಗೇ ನೇರ ಬೀಳುತ್ತಿತ್ತು. ಕುಂದಗೋಳದ ದಾವೂದಸಾಬ ತನ್ನ ಮೂರು ಕಾಲಿನ ಕ್ಯಾಮೆರಾ ಹೂಡುತ್ತಿದ್ದದ್ದು ಅಲ್ಲೇ.

ಮುಂದಿನ ವಾರ ನಮ್ಮ ಪಡಸಾಲೆಯಲ್ಲಿ ಫೋಟೋಗಳ ಸಂತೆ ನೆರೆಯಿತು. ಟವೆಲ್ಲಿನಲ್ಲಿ ಸುತ್ತಿ ತಂದವರು, ಗಾಜಿಗೆ ಹಚ್ಚಿದ ಕುಂಕುಮದ ಸಮೇತ ತಂದವರು, ಗೋಡೆಯ ಮೊಳೆಯನ್ನೂ ಕಿತ್ತು ತಂದವರು. ಮಹಾನಂದಾ ಮೊದಲನೆಯದನ್ನು ಕೈಗೆತ್ತಿಕೊಂಡಳು. ಎರಡನೆಯದನ್ನು ನೋಡಿದಳು. ಮೂರನೆಯದಕ್ಕೆ ಅವಳ ಹುಬ್ಬು ಮೇಲೇರಿತು.

"ಅಜ್ಜಿ, ಇದು ಯಾವೂರ್ರಿ?"

"ನಮ್ಮೂರನವಾ."

"ಮತ್ತ ಈ ಕೆರಿ ಎಲ್ಲೈತ್ರಿ?"

"ದಾವೂದಸಾಬನ ಅರಿವ್ಯಾಗ" ಎಂದೆ.

ನಮಗಾರಿಗೂ ಅದು ಹೊಳೆದೇ ಇರಲಿಲ್ಲ. ದಾವೂದಸಾಬ ಗೋಡೆಯ ಎರಡು ಗೂಟಗಳಿಗೆ ದೊಡ್ಡದೊಂದು ಪರದೆ ಕಟ್ಟುತ್ತಿದ್ದ. ಅದರಲ್ಲಿ ನೀಲಿ ಕೆರೆ, ಎರಡು ಹಂಸ, ಬಿಳಿ ಮೆಟ್ಟಿಲು, ದೂರದಲ್ಲೊಂದು ಅರಮನೆ. ದಿನಾ ನೋಡುವ ಕಲ್ಲಿನ ಮುಂದೆ ನಿಂತು ದುಡ್ಡು ಕೊಟ್ಟು ಫೋಟೋ ತೆಗೆಸಿಕೊಳ್ಳುವ ಹುಚ್ಚರು ಯಾರಿದ್ದಾರೆ? ಕುಡಿಯುವ ನೀರಿಗೆ ಕೊಡ ಹೊತ್ತು ಹೊಲ ದಾಟುತ್ತಿದ್ದ ಈ ಎರೆಭೂಮಿಯ ಊರಿನಲ್ಲಿ ಪ್ರತಿಯೊಂದು ಜೋಡಿಯೂ ಕೆರೆಯ ದಂಡೆಯಲ್ಲಿ ನಿಂತು ಸಂಸಾರ ಶುರು ಮಾಡಿದೆ. ನಾನೂ ನಮ್ಮ ಯಜಮಾನರೂ ನಿಂತಿದ್ದೇವೆ. ಬಿ.ಎ. ಮುಗಿಸಿ ಬಂದ ಹುಡುಗಿ ಎಂಬ ಜಂಬ ನನ್ನ ಮುಖದ ಮೇಲಿದೆ. ಅವರ ಹೆಗಲ ಮೇಲೆ ಒಂದು ಹಂಸ ಕೂತುಬಿಟ್ಟಿದೆ.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆ ತುಂಬ ಹಂಸಗಳಾದವು. ಒಂದೇ ಒಂದು ಫೋಟೋದಲ್ಲಿ ಗಾಳಿಗೆ ಪರದೆಯ ತುದಿ ಹಾರಿ, ಒಂದು ಗೇಣು ಕಲ್ಲು ಕಂಡಿತ್ತು.

"ಇದು ಸಾಲೂದಿಲ್ಲರಿ" ಎಂದಳು ಮಹಾನಂದಾ. ಹಾಗೆಂದು ಯಾರ ಫೋಟೋವನ್ನೂ ಬೇಡವೆಂದು ಹಿಂದಿರುಗಿಸಲಿಲ್ಲ. ಪ್ರತಿಯೊಂದನ್ನೂ ಒರೆಸಿ, ತನ್ನ ಕ್ಯಾಮೆರಾದಲ್ಲಿ ತೆಗೆದುಕೊಂಡು, ಮನೆಯವರ ಹೆಸರು ಕೇಳಿ ಬರೆದುಕೊಂಡಳು. ದೂರದ ಓಣಿಯಿಂದ ಕೋಲೂರಿ ಬಂದಿದ್ದ ಒಬ್ಬ ಮುದುಕಿಗೆ, "ನಿಮ್ಮ ಕೆರಿ ಎಲ್ಲಾರಕಿಂತ ಛಲೋ ಬಂದೈತ್ರಿ" ಎಂದಳು. ಮುದುಕಿ ಹಲ್ಲಿಲ್ಲದ ಬಾಯಿ ತುಂಬ ನಗುತ್ತ ಹೋದಳು.

"ದಾವೂದಸಾಬ ಹೋಗಿ ಭಾಳ ವರ್ಷ ಆತು. ಆತನ ಹೆಂಡತಿ ಬಾಷಾಬಿ ಅದಾಳ. ಕೇಳಿ ನೋಡೂಣು" ಎಂದೆ ನಾನು.

"ಆಕಿಗೇನ್ ನೆನಪಿರತೈತ್ರಿ ವೈನಿ, ವಯಸ್ಸಾಗೇತಿ" ಎಂದ ಈರಬಸಪ್ಪ. ಅಗಸಿಗಾಗಿ ಕಂಡಕಂಡವರ ಬಾಗಿಲು ಬಡಿದವನು ಕುಂದಗೋಳಕ್ಕೆ ಹೋಗಲು ಮಾತ್ರ ಯಾಕೆ ಹಿಂಜರಿದನೋ ನನಗೆ ಆಗ ತಿಳಿಯಲಿಲ್ಲ. ಮಹಾನಂದಾಳ ಕಾರಿನಲ್ಲಿ ಹಿಂದಿನ ಸೀಟಿನ ಮೂಲೆಗೆ ಕೂತು ಗೊಣಗುತ್ತಲೇ ಬಂದ.

ಬಾಷಾಬಿ ಕಿವಿ ಸ್ವಲ್ಪ ಮಂದವಾದರೂ ನೆನಪು ಚೊಕ್ಕವಾಗಿಟ್ಟುಕೊಂಡಿದ್ದಳು. ಗಂಡನ ಹಳೆಯ ನೆಗೆಟಿವ್‌ಗಳೆಲ್ಲ ಮನೆ ಸೋರಿ ಅಂಟಿಕೊಂಡು ಹಾಳಾದವಂತೆ. "ಪರದೆ ಇಲ್ಲದ ಫೋಟೋ?" ಎಂದು ಸ್ವಲ್ಪ ಹೊತ್ತು ಯೋಚಿಸಿ ನಕ್ಕಳು.

"ನಿಮ್ಮೂರಾಗ ಒಬ್ಬಾಂವ ಇದ್ನಲ್ರಿ, ಕನಕಪ್ಪ ಮಾಸ್ತರ. ತನ್ನ ಮದವ್ಯಾಗ, 'ನಿಮ್ಮ ಕೆರಿ ಸುತ್ತಿ ಇಡ್ರಿ ಸಾಬರ, ನನಗ ಅಗಸಿ ಬೇಕು' ಅಂದಿದ್ದ. ನಮ್ಮನಿಯವರು ಸಿಟ್ಟಾಗಿ ಬಂದು ಊಟ ಬಿಟ್ಟ ಮಲಗಿದ್ರು. ಆ ಕೆರಿ ತಮ್ಮ ಕೈಲೆ ಬರದಿದ್ರು ನೋಡ್ರಿ! ನಾನ ಎಬ್ಬಿಸಿ, 'ಹೋಗ್ಲಿ ಬಿಡ್ರಿ, ಆತಗ ಈಜಾಕ ಬರಂಗಿಲ್ಲ ಕಾಣತೈತಿ' ಅಂದಮ್ಯಾಲೆ ನಕ್ಕು ಉಂಡ್ರು."

ಮಹಾನಂದಾಳ ಕಣ್ಣು ಅರಳಿತು. ಕನಕಪ್ಪ ಮಾಸ್ತರು ತೀರಿಕೊಂಡಿದ್ದಾರೆ. ಅವರ ಹೆಂಡತಿ ತಾಯವ್ವ ನಮ್ಮೂರಲ್ಲೇ, ಅಗಸಿಯ ಹೊರಗಿನ ಕೇರಿಯಲ್ಲೇ ಮಗ ಸೊಸೆಯ ಜೊತೆ ಇದ್ದಾಳೆ. ಅಂದರೆ ನಾವು ಹುಡುಕುತ್ತಿದ್ದದ್ದು ಬಿದ್ದ ಕಲ್ಲಿನಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿತ್ತು. ಊರೆಲ್ಲ ತಿರುಗಿದ ಈರಬಸಪ್ಪ ಆ ಕೇರಿಗೆ ಮಾತ್ರ ಕಾಲಿಟ್ಟಿರಲಿಲ್ಲ.

ಹಿಂದಿರುಗುವಾಗ ಆತ ಕಿಟಕಿಯ ಹೊರಗೆ ನೋಡುತ್ತ ಕೂತ.

"ಯಾಕೋ ಈರಬಸಪ್ಪ, ದಾವೂದಸಾಬನ ಕೆರ್ಯಾಗ ಬಿದ್ದವರಂಗ ಕುಂತಿ?"

"ಆ ಮನಿಗೆ ನೀವ ಹೋಗಿ ಬರ್ರಿ ವೈನಿ. ನಾ ಒಲ್ಲೆ."

"ಅಗಸಿ ಉಳಿಸಾಂವ ನೀನು, ಕೇಳಾಕ ಹೋಗಾಕಿ ನಾನು?"

ಆತ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದ. "ಆ ಫೋಟೋ ಐತಂತ ನನಗ ಗೊತ್ತಿತ್ತು."

"ಗೊತ್ತಿದ್ದೂ ಊರ ತುಂಬಾ ಹಂಸಾ ಹಿಡಕೋತ ಅಡ್ಡಾಡಿದೇನು?"

ಮಹಾನಂದಾ ಕನ್ನಡಿಯಲ್ಲಿ ಒಮ್ಮೆ ಅವನನ್ನು ನೋಡಿ, ತಾಯವ್ವನ ಮನೆಯ ಮುಂದೆ ಗಾಡಿ ನಿಲ್ಲಿಸಿದಳು. ನಾನು ಇಳಿದೆ. ಆತ ಇಳಿಯುತ್ತಾನೋ ಇಲ್ಲವೋ ಎಂದು ಹಿಂದಿರುಗಿ ನೋಡಲಿಲ್ಲ. ಸ್ವಲ್ಪ ತಡವಾಗಿ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

ತಾಯವ್ವ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿ ಹಾಕಿಕೊಂಡು ತೊಟ್ಟು ತೆಗೆಯುತ್ತಿದ್ದಳು. "ಬರ್ರಿ ಅಕ್ಕಾರ" ಎಂದು ನನಗೆ ಚಾಪೆ ಹಾಸಿದಳು. ಆಮೇಲೆ ನನ್ನ ಹಿಂದೆ ನೋಡಿದಳು.

"ಬರ್ರಿ ಗೌಡ್ರ. ಊರಾಗಿನ ಫೋಟೋ ಎಲ್ಲಾ ಕೂಡಸಾಕತ್ತಾರಂತ ಕೇಳಿದ್ದೆ. ನಮ್ಮ ಮನಿ ದಾರಿ ಯಾವಾಗ ಸಿಗತೈತಿ ಅಂತ ನೋಡಾಕತ್ತಿದ್ದೆ."

ಈರಬಸಪ್ಪ ಬಾಗಿಲ ಬಳಿ ಕೂತು ಒಂದು ಸೀನು ಸೀನಿದ. "ಈ ವರ್ಷ ಮೆಣಸಿನಕಾಯಿ ಛಲೋ ಬಂದಾವ."

"ಹೌದ್ರಿ, ಬಂದಾವ."

"ಘಾಟೂ ಛಲೋ ಐತಿ" ಎಂದು ಮತ್ತೊಂದು ಸೀನಿದ. ಆಮೇಲೆ ಮಳೆಯ ವಿಷಯ ಬಂತು. ಕಡಲೆ ಬೆಳೆಯ ವಿಷಯ ಬಂತು. ತಾಯವ್ವ ಎಲ್ಲದಕ್ಕೂ ಹೌದ್ರಿ ಹೌದ್ರಿ ಎನ್ನುತ್ತ ತೊಟ್ಟು ಮುರಿಯುತ್ತಿದ್ದಳು. ಆತನನ್ನು ಪಾರು ಮಾಡುವ ಮನಸ್ಸು ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ಪಾಪದ ಹುಡುಗಿ ಮಹಾನಂದಾಳಿಗೇ ಮರುಕ ಬಂದು, "ಅಜ್ಜಿ, ನಿಮ್ಮ ಮದವಿ ಫೋಟೋ ನೋಡಬಹುದೇನ್ರಿ?" ಎಂದಳು.

ತಾಯವ್ವ ಗೋಡೆಯ ಕಡೆ ಕೈ ತೋರಿಸಿದಳು. ಬುದ್ಧನ ಚಿತ್ರದ ಪಕ್ಕದಲ್ಲಿ ಅದು ತೂಗುತ್ತಿತ್ತು.

ಕೆರೆ ಇರಲಿಲ್ಲ, ಹಂಸ ಇರಲಿಲ್ಲ. ಎತ್ತರದ ಕನಕಪ್ಪ ಮಾಸ್ತರು ಬಿಳಿ ಅಂಗಿ ತೊಟ್ಟು, ಹೊಳೆಯುವ ಬೂಟು ಹಾಕಿಕೊಂಡು ನೆಟ್ಟಗೆ ನಿಂತಿದ್ದಾರೆ. ಪಕ್ಕದಲ್ಲಿ ಸಣ್ಣ ತಾಯವ್ವ. ಹಿಂದೆ ಅಗಸಿ. ಕಲ್ಲಿನ ಸಾಲುಗಳು, ದೀಪದ ಗೂಡು, ತೊಲೆಯ ತುದಿಗಳು, ಪರದೆ ಕಟ್ಟುವ ಗೂಟಗಳು ಕೂಡ ಒಂದೊಂದಾಗಿ ಕಾಣುತ್ತಿದ್ದವು. ಮಹಾನಂದಾ ಉಸಿರು ಬಿಗಿಹಿಡಿದು ಸಾಲುಗಳನ್ನು ಎಣಿಸತೊಡಗಿದಳು. ನಾನು ಕಲ್ಲನ್ನು ನೋಡಲಿಲ್ಲ. ಮದುಮಕ್ಕಳ ಹಿಂದೆ ಕಟ್ಟೆಯ ಮೇಲೆ, ಕಾಲ ಮೇಲೆ ಕಾಲು ಹಾಕಿ, ತಲೆಗೆ ದೊಡ್ಡ ಪಟಕಾ ಸುತ್ತಿಕೊಂಡು, ಮುಖವನ್ನು ಒಂದು ಬದಿಗೆ ತಿರುಗಿಸಿ ಒಬ್ಬ ತರುಣ ಕೂತಿದ್ದ. ಮುಖ ತಿರುಗಿಸಿದರೂ ಮೂಗು ತಪ್ಪಿಸಿಕೊಂಡಿರಲಿಲ್ಲ. ಆ ಮೂಗು ನಮ್ಮ ಮನೆಯದು.

"ಈರಬಸಪ್ಪ" ಎಂದೆ.

ಆತ ನೆಲ ನೋಡುತ್ತಿದ್ದ.

"ಮಾಸ್ತರು ಭಾಳ ಮರ್ಯಾದಿಲೆ ಕೇಳಿದ್ರು" ಎಂದಳು ತಾಯವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "'ಗೌಡ್ರ, ಫೋಟೋ ತಗಿಯೂ ತನಕಾ ಒಂದೀಟು ಎದ್ದು ಬಾಜೂ ಸರೀತೀರೇನು' ಅಂತ. ಉಳದವರು ಎದ್ದು ಹೋದ್ರು. ಇವರು ಏಳ್ಲಿಲ್ಲ. ನಮ್ಮಂಥವರು ಅಗಸಿ ಮುಂದ ನಿಂತು ಫೋಟೋ ತಗಸ್ಕೊಳ್ಳೂದು ಇವರಿಗೆ ಸೇರ್ಲಿಲ್ಲ. ದಾವೂದಸಾಬರು ಕ್ಯಾಮೆರಾ ಹಿಡಕೊಂಡ ನಿಂತ ಬಿಟ್ರು. ಮಾಸ್ತರು ನಕ್ಕು, 'ತಗೀರಿ ಸಾಬರ, ಅಗಸಿ ಜೋಡಿ ಅಗಸಿ ಕಾಯಾಂವನೂ ಬರ್ಲಿ' ಅಂದ್ರು."

"ನಿಮ್ಮ ಯಜಮಾನ್ರಿಗೆ ಅಗಸೀನ ಯಾಕ ಬೇಕಾಗಿತ್ರಿ?" ಎಂದು ಮಹಾನಂದಾ ಕೇಳಿದಳು.

"ನಮ್ಮತ್ತಿ ಅದರ ಕೆಳಗ ಹಾಯೂಮುಂದ ಕಾಲಾಗಿಂದು ತಗದು ಕೈಯಾಗ ಹಿಡಕೋಬೇಕಿತ್ತವಾ. ಅದರ ಮುಂದ ಬೂಟ ಹಾಕ್ಕೊಂಡ ನಿಂತೇನಿ ಅಂತ ಅವ್ವಗ ಫೋಟೋದಾಗ ತೋರಸಬೇಕಿತ್ತು ಅವರಿಗೆ. ಬೂಟು ಗೆಳ್ಯಾಂದು" ಎಂದು ಮುಸಿ ನಕ್ಕಳು. "ಒಂದ ಅಂಗುಲ ಸಣ್ಣವಿದ್ದು. ಮದವಿ ಮುಗಿಯೂ ತನಕಾ ಕುಂಟಿದ್ರು."

ಆಕೆ ಮತ್ತೆ ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದಳು. ಕೊನೆಗೆ ಈರಬಸಪ್ಪನೇ ಬಾಯಿ ತೆರೆದ.

"ತಾಯವ್ವ, ಈ ಫೋಟೋ ಕೊಡಲಿಲ್ಲಂದ್ರ ಅಗಸಿ ಉಳಿಯಂಗಿಲ್ಲ. ಕೊಡಂಗಿಲ್ಲ ಅಂದ್ರೂ ನಾ ಏನೂ ಅನ್ನಂಗಿಲ್ಲ."

"ಅಗಸಿ ಬಿದ್ರ ನನಗ ಕಣ್ಣೀರ ಬರಂಗಿಲ್ಲರಿ ಗೌಡ್ರ" ಎಂದಳು ಆಕೆ. "ಆದ್ರ ನಮ್ಮ ಮಾಸ್ತರು ಅದರ ಮುಂದ ನಿಂತಿದ್ರು ಅನ್ನಾಕ ಅದೂ ಇರಬೇಕಲ್ರಿ. ತಗೋರಿ. ಒಂದ ಮಾತು. ಧಾರವಾಡದಾಗ ಇಡತಾರಂತಲ್ಲ, ಅಲ್ಲಿ ಫೋಟೋದಾಗಿನವರ ಎಲ್ಲಾರ ಹೆಸರೂ ಬರೀಬೇಕು. ಎಲ್ಲಾರವೂ."

ಮಹಾನಂದಾ ಗಾಜು ತೆಗೆದು, ಬೆಳಕಿಗೆ ಹಿಡಿದು, ಫೋಟೋವನ್ನು ಕ್ಯಾಮೆರಾದಲ್ಲಿ ತೆಗೆದುಕೊಂಡು ತನ್ನ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದಳು. "ಎಲ್ಲಾ ಸಿಕ್ತು! ಕಟ್ಟಿ ಎತ್ತರ, ಗೂಡು, ಸಾಲು…" ಎನ್ನುತ್ತಿದ್ದವಳು ತಡೆದಳು. "ಕೆತ್ತನಿ ಕಲ್ಲು ಒಂದು…"

"ಆನೀನ ಹೌದಿಲ್ಲರಿ?" ಎಂದು ಈರಬಸಪ್ಪ ಎದ್ದೇಬಿಟ್ಟ.

"ಕಾಣವಲ್ದ್ರಿ ಅಜ್ಜಾರ. ನಿಮ್ಮ ಪಟಕಾದ ಹಿಂದೈತಿ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಪ್ರಯೋಜನವಾಗಲಿಲ್ಲ. ತಾಯವ್ವ ನನ್ನನ್ನು ನೋಡಿದಳು, ನಾನು ತಾಯವ್ವನನ್ನು ನೋಡಿದೆ. ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಮೆಣಸಿನಕಾಯಿಯ ಕೈಯಲ್ಲಿ ಕಣ್ಣೊರೆಸಿಕೊಳ್ಳಬೇಡವೆಂದು ನಾನು ಅವಳ ಕೈ ಹಿಡಿದೆ.

"ಎದ್ದಿದ್ರ ಕಾಣತಿತ್ತಲ್ಲೋ ನಿನ್ನ ಆನಿ!" ಎಂದೆ.

"ಹಂಗಾರ ಪಟಕಾನ ಕೆತ್ತಿಸ್ರಿ" ಎಂದಳು ತಾಯವ್ವ.

"ಕಾಣದ್ದನ್ನ ಮಾಡಂಗಿಲ್ಲರಿ" ಎಂದು ಮಹಾನಂದಾ ತುಟಿ ಕಚ್ಚಿಕೊಂಡು ಹೇಳಿದಳು. "ಅಲ್ಲಿ ಬರೇ ಸಾದಾ ಕಲ್ಲು ಕುಂದರಸ್ತೀವಿ."

ಅವಳು ಹೆಸರು ಬರೆಯತೊಡಗಿದಳು. ಕನಕಪ್ಪ, ಶಾಲಾ ಶಿಕ್ಷಕರು. ತಾಯವ್ವ, ಅವರ ಪತ್ನಿ. ಮೂರನೆಯವನ ಹತ್ತಿರ ಬಂದಾಗ ಬೆರಳು ನಿಲ್ಲಿಸಿದಳು. ಮುದುಕನ ಮುಖ ನೋಡಿ, "ಕಟ್ಟಿ ಮ್ಯಾಲೆ ಕುಂತವರು, ಅಂತ ಬರದ್ರ ನಡೀತೈತ್ರಿ" ಎಂದು ಮೆಲ್ಲಗೆ ಅಂದಳು. ದಾರಿ ಬಿಟ್ಟುಕೊಡುವ ಹುಡುಗಿ ಅವಳು. ತಾಯವ್ವ ಮುಂದಿನ ಮೆಣಸಿನಕಾಯಿ ಕೈಗೆತ್ತಿಕೊಂಡಳು.

ಈರಬಸಪ್ಪ ಟವೆಲಿನಿಂದ ಮೂಗು ಒರೆಸಿಕೊಂಡ.

"ಹಂಗ ಬ್ಯಾಡ. ಹೆಸರು ಬರೀರಿ. ಈರಬಸಪ್ಪ ಅಂತ. ಏಳ್ರಿ ಅಂತ ಕೇಳಿದ್ರೂ ಏಳಲಿಲ್ಲ ಅಂತನೂ ಬರೀರಿ."

"ಅಜ್ಜಾರ, ಅದು ಅಲ್ಲಿ ಕಾಯಂ ಉಳಿತೈತ್ರಿ. ಮುಂದ ಯಾರ ಬೇಕಾದವರು ಓದ್ತಾರ."

"ಓದ್ಲಿ. ಆಗಿದ್ದ ಹಂಗೈತಿ."

ಮಹಾನಂದಾ ನನ್ನ ಮುಖ ನೋಡಿದಳು. "ಬರಿಯವಾ" ಎಂದೆ. ಅವಳು ಬರೆದು, ಗಟ್ಟಿಯಾಗಿ ಓದಿ ಹೇಳಿದಳು. ಓದುವಾಗ ತಾಯವ್ವನ ಕೈ ತೊಟ್ಟು ಮುರಿಯುವುದನ್ನು ನಿಲ್ಲಿಸಿತ್ತು. ಓದಿ ಮುಗಿದ ಮೇಲೆ ಆಕೆ ರಾಶಿಯನ್ನು ಪಕ್ಕಕ್ಕೆ ಸರಿಸಿ, ಕೈ ತೊಳೆದುಕೊಂಡು ಒಳಗೆ ಹೋಗಿ ಚಹಾ ತಂದಳು. ಒಂದು ಲೋಟವನ್ನು ಬೇರೆಯಾಗಿ ಹಿಡಿದಿದ್ದಳು. "ಇದು ಗೌಡ್ರಿಗೆ. ಸಕ್ರಿ ಹಾಕಿಲ್ಲ. ಸಕ್ರಿ ಬ್ಯಾನಿ ಐತಿ ಅಂತಲ್ಲ" ಎಂದಳು. ಸಪ್ಪನೆಯ ಚಹಾಕ್ಕೆ ಮನೆಯಲ್ಲಿ ದಿನವೂ ರಂಪ ಮಾಡುವವನು ತಳ ಕಾಣುವವರೆಗೆ ಕುಡಿದ.

ಪಂಚಾಯತಿಯವರು ಫೋಟೋ ನೋಡಿ ಒಪ್ಪಿಕೊಂಡರು. ಬರವಣಿಗೆಯನ್ನೂ ಓದಿದರು. ಒಬ್ಬಿಬ್ಬರು ಮೀಸೆಯಲ್ಲೇ ನಕ್ಕರು. ಈರಬಸಪ್ಪ ಅಲ್ಲೇ ನಿಂತು ನಗಿಸಿಕೊಂಡ. ಶಿವರಾತ್ರಿ ಕಳೆದ ಮೇಲೆ ಕಲ್ಲಿನವರು ಬಂದು, ಹಳ್ಳದ ದಂಡೆಯ ಕಲ್ಲುಗಳನ್ನು ಫೋಟೋದ ಪ್ರಕಾರ ಒಂದೊಂದಾಗಿ ಕೂಡಿಸಿದರು. ಕಟ್ಟೆಯ ಹಿಂದೆ, ಕೂತವನ ತಲೆಯ ಮಟ್ಟಕ್ಕೆ ಸಾದಾ ಕಲ್ಲು ಬಂತು. ಅದು ಸಾದಾ ಯಾಕಿದೆ ಎಂದು ಹೊರಗಿನವರು ಕೇಳಿದರೆ ಶಂಕ್ರಪ್ಪ ಬಹಳ ಖುಷಿಯಿಂದ ವಿವರಿಸುತ್ತಾನೆ.

ಮೊನ್ನೆ ನಾನು ಹೊಲದ ಕಡೆಯಿಂದ ಬರುತ್ತಿದ್ದೆ. ಈರಬಸಪ್ಪ ಎಂದಿನಂತೆ ಕಟ್ಟೆಯ ಮೇಲಿದ್ದ. ಹೊರಗಿನ ಕೇರಿಯಿಂದ ತಾಯವ್ವ ಹಿಟ್ಟಿನ ಗಿರಣಿಗೆ ಜೋಳದ ಡಬ್ಬಿ ಹಿಡಿದು ಬಂದಳು. ಅವಳು ಅಗಸಿಯ ಹತ್ತಿರ ಬರುತ್ತಿದ್ದಂತೆ ಈತ ಗೋಡೆ ಹಿಡಿದು, ಮೊಣಕಾಲು ಸರಿಮಾಡಿಕೊಂಡು, ಎದ್ದು ನಿಂತ.

"ಕುಂದರ್ರಿ ಗೌಡ್ರ" ಎಂದಳು ತಾಯವ್ವ. "ಈಗ ಎದ್ರ ಏನ ಬಂತು? ಫೋಟೋ ತಗಿಯೋರ ಯಾರೂ ಇಲ್ಲ."

"ಇಲ್ಲದಿರ್ಲಿ ಬಿಡು" ಎಂದು ಆತ ನಿಂತೇ ಇದ್ದ. ತಾಯವ್ವನೂ ಏನೂ ಕಡಿಮೆಯಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಮೊಮ್ಮಕ್ಕಳ ಪರೀಕ್ಷೆ, ತನ್ನ ಸೊಸೆಯ ಕೆಮ್ಮು, ಗಿರಣಿಯವನ ಸೋಮಾರಿತನ ಎಲ್ಲ ನನ್ನ ಜೊತೆ ಮಾತಾಡಿ ಮುಗಿಸುವವರೆಗೆ ಅವನನ್ನು ನಿಲ್ಲಿಸಿಕೊಂಡಳು.